ಗಣಕಯಂತ್ರ ಕ್ಯಾಬಿನೆಟ್‌ನ ಒಳವಿನ್ಯಾಸ

ಕ್ಯಾಬಿನೆಟ್ ಎಂಬುದು ಡೆಸ್ಕ್‌ಟಾಪ್ ಗಣಕಯಂತ್ರದ ಮದರ್‌ಬೋರ್ಡ್, ಪವರ್ ಸಪ್ಲೈ, ಡ್ರೈವ್ ಮೊದಲಾದ ಬಿಡಿಭಾಗಗಳನ್ನು ಹಿಡಿದಿಡುವ ಪೆಟ್ಟಿಗೆ. ಆಡುಮಾತಿನಲ್ಲಿ ಇಡೀ ಪೆಟ್ಟಿಗೆಯನ್ನೇ ‘ಸಿಪಿಯು’ ಎನ್ನುವುದುಂಟು. ವಾಸ್ತವವಾಗಿ ಸಿಪಿಯು ಎಂದರೆ ಮದರ್‌ಬೋರ್ಡ್‌ನ ಮೇಲೆ ಕೂರುವ ಪ್ರೊಸೆಸರ್ ಮಾತ್ರ. ಕ್ಯಾಬಿನೆಟ್‌ನ ಗುಣಮಟ್ಟವು ಹೊರ ಅಲಂಕಾರಕ್ಕಿಂತ ಹೆಚ್ಚಾಗಿ ಅದರೊಳಗೆ ಗಾಳಿ ಸರಾಗವಾಗಿ ಹರಿಯುವುದನ್ನೂ ದುರಸ್ತಿ ಮಾಡುವವರ ಕೈಗೆ ಭಾಗಗಳು ಎಟುಕುವುದನ್ನೂ ಅವಲಂಬಿಸಿದೆ.

ಹಿನ್ನೆಲೆ

1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಮಾನದಂಡವನ್ನು ಪ್ರಕಟಿಸಿತು. ಮದರ್‌ಬೋರ್ಡ್‌ನ ಅಳತೆ, ತಿರುಪು ರಂಧ್ರಗಳ ಸ್ಥಾನ ಇತ್ಯಾದಿಗಳನ್ನು ಇದು ನಿಗದಿಪಡಿಸಿದ್ದರಿಂದ ಬೇರೆ ಬೇರೆ ತಯಾರಕರ ಭಾಗಗಳು ಒಂದೇ ಪೆಟ್ಟಿಗೆಯಲ್ಲಿ ಹೊಂದಿಕೊಳ್ಳುತ್ತವೆ. ಪ್ರಮುಖ ಅಳತೆಗಳು:
• ಎಟಿಎಕ್ಸ್: 305 × 244 ಮಿ.ಮೀ.
• ಮೈಕ್ರೋ ಎಟಿಎಕ್ಸ್: 244 × 244 ಮಿ.ಮೀ.
• ಮಿನಿ ಐಟಿಎಕ್ಸ್: 170 × 170 ಮಿ.ಮೀ.

ಹಳೆಯ ಕ್ಯಾಬಿನೆಟ್‌ಗಳಲ್ಲಿ ಪವರ್ ಸಪ್ಲೈ ಮೇಲ್ಭಾಗದಲ್ಲಿದ್ದು, ಒಳಗಿನ ಬಿಸಿಗಾಳಿಯನ್ನೇ ಸೆಳೆದುಕೊಳ್ಳುತ್ತಿತ್ತು. ಈಗ ಅದನ್ನು ಸಾಮಾನ್ಯವಾಗಿ ತಳದಲ್ಲಿ ಅಳವಡಿಸಿ, ಹೊರಗಿನ ತಂಪು ಗಾಳಿ ದೊರೆಯುವಂತೆ ಮಾಡಲಾಗುತ್ತದೆ.

ಗಾಳಿಯ ಹರಿವು

ಪ್ರೊಸೆಸರ್ ಮಿತಿಮೀರಿ ಬಿಸಿಯಾದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಗಾಳಿಯಾಡದ ಕ್ಯಾಬಿನೆಟ್‌ನಲ್ಲಿ ದುಬಾರಿ ಪ್ರೊಸೆಸರ್‌ನ ಪೂರ್ಣ ಸಾಮರ್ಥ್ಯ ಬಳಕೆಗೆ ಸಿಗದು. ಸಾಮಾನ್ಯ ವ್ಯವಸ್ಥೆಯಲ್ಲಿ ಮುಂಭಾಗದ ಫ್ಯಾನ್‌ಗಳು ಗಾಳಿಯನ್ನು ಒಳತರುತ್ತವೆ. ಹಿಂಭಾಗ ಮತ್ತು ಮೇಲ್ಭಾಗದವು ಹೊರದೂಡುತ್ತವೆ. ಒಳಬರುವ ಗಾಳಿಯ ಪ್ರಮಾಣ ತುಸು ಹೆಚ್ಚಿದ್ದು, ಅದು ಧೂಳುಜಾಲರಿಯ ಮೂಲಕವೇ ಬಂದರೆ ಸಂದುಗಳಿಂದ ಧೂಳು ನುಸುಳುವುದು ಕಡಿಮೆಯಾಗುತ್ತದೆ. ಮುಂಭಾಗವನ್ನು ಗಾಜಿನಿಂದ ಮುಚ್ಚಿ ಕಿರಿದಾದ ಸಂದು ಮಾತ್ರ ಬಿಟ್ಟಿರುವ ಮಾದರಿಗಳಲ್ಲಿ ಎಷ್ಟು ಫ್ಯಾನ್‌ಗಳಿದ್ದರೂ ಅವುಗಳಿಗೆ ಸಾಕಷ್ಟು ಗಾಳಿ ದೊರೆಯದು.

ಪರಿಶೀಲಿಸಬೇಕಾದ ಅಂಶಗಳು

• ಸ್ಥಳಾವಕಾಶ: 120 ಮಿ.ಮೀ. ಫ್ಯಾನ್ ಹೊಂದಿದ ಗೋಪುರಾಕಾರದ ಕೂಲರ್‌ಗಳು ಸುಮಾರು 160 ಮಿ.ಮೀ. ಎತ್ತರವಿರುತ್ತವೆ. ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳ ಉದ್ದ 300 ಮಿ.ಮೀ. ಮೀರುತ್ತದೆ. ಮುಂಭಾಗದಲ್ಲಿ ರೇಡಿಯೇಟರ್ ಅಳವಡಿಸಿದರೆ ಕಾರ್ಡ್‌ಗೆ ಉಳಿಯುವ ಜಾಗ ಇನ್ನಷ್ಟು ಕುಗ್ಗುತ್ತದೆ.
• ತಂತಿಗಳ ಜೋಡಣೆ: ಮದರ್‌ಬೋರ್ಡ್ ಕೂರುವ ತಟ್ಟೆಯ ಹಿಂದೆ ತಂತಿಗಳನ್ನು ಹಾಯಿಸಲು ಜಾಗವೂ ಕಟ್ಟಿ ನಿಲ್ಲಿಸಲು ಕೊಂಡಿಗಳೂ ಇರಬೇಕು.
• ದುರಸ್ತಿಯ ಅನುಕೂಲ: ಪ್ರೊಸೆಸರ್‌ನ ಹಿಂಬದಿಯಲ್ಲಿ ತಟ್ಟೆಗೆ ಕಿಂಡಿಯಿದ್ದರೆ ಮದರ್‌ಬೋರ್ಡ್ ಬಿಚ್ಚದೆಯೇ ಕೂಲರ್ ಬದಲಾಯಿಸಬಹುದು. ಧೂಳುಜಾಲರಿಯನ್ನು ಸುಲಭವಾಗಿ ಹೊರತೆಗೆದು ತೊಳೆಯುವಂತಿರಬೇಕು.
• ಸುರಕ್ಷತೆ: ತಗಡಿನ ಅಂಚುಗಳನ್ನು ಮಡಚಿರದಿದ್ದರೆ ಕೈಗೆ ಗಾಯವಾಗಬಹುದು. ಮದರ್‌ಬೋರ್ಡ್‌ಗೆ ಆಸರೆಯಾಗುವ ಲೋಹದ ಸ್ಟ್ಯಾಂಡ್‌ಆಫ್‌ಗಳು ರಂಧ್ರಗಳಿಗೆ ಸರಿಹೊಂದಬೇಕು. ತಪ್ಪು ಜಾಗದಲ್ಲಿ ಉಳಿದುಹೋದ ಒಂದೇ ಸ್ಟ್ಯಾಂಡ್‌ಆಫ್ ಶಾರ್ಟ್ ಸರ್ಕ್ಯೂಟ್‌ಗೆ ಕಾರಣವಾಗಿ ಮದರ್‌ಬೋರ್ಡನ್ನು ಕೆಡಿಸಬಲ್ಲದು.

ಕೊಳ್ಳುವ ಮೊದಲು ತಯಾರಕರು ನೀಡುವ ಗರಿಷ್ಠ ಅಳತೆಗಳನ್ನು ಆಯ್ದ ಬಿಡಿಭಾಗಗಳ ಅಳತೆಯೊಂದಿಗೆ ಹೋಲಿಸಿ ನೋಡುವುದು ಅಗತ್ಯ.