ಹಳೇ ಕಾರನ್ನು ಉಳಿಸಿದ್ದು ಸ್ಕೂಟರು

ಬೆಂಗಳೂರಿನ ಕತ್ರಿಗುಪ್ಪೆಯ ಮನೆಗಳ ಪೋರ್ಟಿಕೋದಲ್ಲಿ ಕವರು ಹೊದ್ದು ನಿಂತ ಪ್ರೀಮಿಯರ್ ಪದ್ಮಿನಿಗೋ ಮೊದಮೊದಲ ಮಾರುತಿ 800ಕ್ಕೋ ಇನ್ನೂ ಜೀವವಿದ್ದರೆ, ಆ ಶ್ರೇಯಸ್ಸನ್ನು ಮಾಲೀಕನ ಅಕ್ಕರೆಗೂ ಮೆಕ್ಯಾನಿಕ್ಕಿನ ಕೈಗುಣಕ್ಕೂ ಹಂಚುವುದು ವಾಡಿಕೆ. ಅದರಲ್ಲಿ ಸ್ಕೂಟರಿಗೂ ಒಂದು ಪಾಲು ಸಲ್ಲಬೇಕು. ಈ ಊರಿನಲ್ಲಿ ಹಳೆಯ ಕಾರಿನ ಸವೆದ ಕ್ಲಚ್ ಕೇಬಲ್ಲು, ತುಕ್ಕು ಹಿಡಿದ ಚೋಕ್ ವೈರು ಇಂದಿಗೂ ಬದಲಾಗುತ್ತಿವೆ ಎಂದರೆ, ಅದಕ್ಕೆ ಕಾರಣ ದ್ವಿಚಕ್ರ ವಾಹನಗಳು ಇಲ್ಲಿ ಬೆಳೆಸಿದ ಕೇಬಲ್ಲಿನ ಕಸುಬು ಎಂಬುದು ನನ್ನ ವಾದ.

ಮೊದಲು ವಸ್ತುವನ್ನೇ ನೋಡೋಣ. ಒಳಗೆ ಎಳೆಎಳೆಯಾಗಿ ಹುರಿಗೊಳಿಸಿದ ಉಕ್ಕಿನ ತಂತಿ, ಹೊರಗೆ ಒತ್ತಾಗಿ ಸುತ್ತಿದ ಲೋಹದ ಕವಚ, ತುದಿಗಳಲ್ಲಿ ತಂತಿಯನ್ನು ಹಿಡಿದಿಡುವ ನಿಪ್ಪಲ್ ಎಂಬ ಲೋಹದ ಗುಂಡು. 1896ರಲ್ಲಿ ಅರ್ನೆಸ್ಟ್ ಬೌಡನ್ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ ಈ ರಚನೆಯ ಜಾಣ್ಮೆ ಇರುವುದು ತಂತಿಗಿಂತ ಹೆಚ್ಚಾಗಿ ಕವಚದಲ್ಲಿ. ತಂತಿ ಎಳೆತವನ್ನು ಹೊತ್ತರೆ, ಕವಚ ಅಷ್ಟೇ ಪ್ರಮಾಣದ ಒತ್ತಡವನ್ನು ತಡೆದುಕೊಳ್ಳುತ್ತದೆ. ಹಾಗಾಗಿ ಕೇಬಲ್ಲು ಎಂಜಿನ್ನನ್ನು ಸುತ್ತಿ ಎತ್ತ ತಿರುಗಿದರೂ ಪೆಡಲಿನ ಒತ್ತು ಗೇರ್‌ಬಾಕ್ಸಿಗೆ ತಲುಪುತ್ತದೆ. ಕವಚ ಕುಗ್ಗುವಂತಾದರೆ ತಂತಿ ಎಷ್ಟೇ ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಬರೀ ತಂತಿ ಬದಲಿಸಿದ ಮೇಲೂ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಎಂದು ಗೊಣಗುವವರು ಬಹುಪಾಲು ಈ ಅಂಶವನ್ನು ಮರೆತಿರುತ್ತಾರೆ. ತಂತಿ ಸವೆಯುವ ಜಾಗಗಳೂ ಗೊತ್ತಿರುವಂಥವೇ: ಕವಚ ಚೂಪಾಗಿ ಬಾಗುವ ಕಡೆ, ನಿಪ್ಪಲ್‌ನ ಬುಡ. ಅಲ್ಲಿ ಒಂದೊಂದೇ ಎಳೆ ಹರಿಯುತ್ತಾ ಬರುತ್ತದೆ. ಅಂದರೆ ಇದು ಸವೆದು ಬದಲಾಗಲೆಂದೇ ಇರುವ ಭಾಗ. ಕಾರಿನ ಆಯುಷ್ಯ ಅದನ್ನು ಮತ್ತೆ ಮಾಡಿಕೊಡಬಲ್ಲವರು ಊರಲ್ಲಿ ಇದ್ದಾರೋ ಇಲ್ಲವೋ ಎಂಬುದನ್ನೂ ಅವಲಂಬಿಸಿರುತ್ತದೆ.

ಅಂಥವರು ಕಾರಿನ ಕಾರ್ಖಾನೆಗಳಿಂದ ಬರಲಿಲ್ಲ. 1953ರ ಸುಂಕ ಆಯೋಗದ ವರದಿಯ ನಂತರ, ಬಿಡಿಭಾಗ ತರಿಸಿ ಬರೀ ಜೋಡಿಸುವ ಕಂಪನಿಗಳಿಗೆ ಭಾರತದಲ್ಲಿ ಜಾಗವಿಲ್ಲದಾಯಿತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಮುಚ್ಚಿತು. ಕಾರುಗಳು ರಸ್ತೆಯಲ್ಲಿ ಉಳಿದವು, ಬಿಡಿಭಾಗದ ದಾರಿ ಕಟ್ಟಿತು. ದೇಶದಲ್ಲೇ ತಯಾರಾದ ಅಂಬಾಸಿಡರ್, ಪದ್ಮಿನಿಗಳ ಸಂಖ್ಯೆಯೂ ಲೈಸೆನ್ಸ್ ಕಾಲದಲ್ಲಿ ಕಡಿಮೆಯೇ. ಅಷ್ಟಕ್ಕೇ ನೆಚ್ಚಿಕೊಂಡು ಬೀದಿಗೊಬ್ಬ ಕೇಬಲ್ ಬಲ್ಲವನು ಹೊಟ್ಟೆ ಹೊರೆಯಲಾಗದು. ಹೊರೆದದ್ದು ಸ್ಕೂಟರು. ಹಳೇ ಬಜಾಜ್ ಚೇತಕ್‌ನ ಗೇರಿಗೇ ಎರಡು ಕೇಬಲ್ಲು. ಕ್ಲಚ್, ಎಕ್ಸಲೇಟರ್, ಹಿಂದುಮುಂದಿನ ಬ್ರೇಕು ಸೇರಿದರೆ ಆರು. ಮೈಸೂರಿನ ಐಡಿಯಲ್ ಜಾವಾ 1960ರ ದಶಕದಿಂದ ಮೋಟಾರ್‌ಸೈಕಲ್ಲುಗಳನ್ನು ಕೊಡುತ್ತಿತ್ತು. ಕತ್ರಿಗುಪ್ಪೆ ಬನಶಂಕರಿ ಮೂರನೇ ಹಂತದೊಳಗೆ ಸೇರಿ ಬಡಾವಣೆಯಾದ ಹಳ್ಳಿ. ಬಡಾವಣೆ ಮಾಡುವ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟಿದ್ದೇ 1976ರಲ್ಲಿ. ಇಂಥ ಬಡಾವಣೆಗಳಲ್ಲಿ ಸೈಟು ಕೊಂಡು ಮನೆ ಕಟ್ಟಿದ ನೌಕರವರ್ಗದ ವಾಹನ ಮೊದಲು ಸ್ಕೂಟರು, ಕಾರು ಬಂದದ್ದು ಆಮೇಲೆ. 1985ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸುಪ್ರಜಿತ್ ಎಂಜಿನಿಯರಿಂಗ್ ಕೂಡ ಮೊದಲು ಕೇಬಲ್ ಮಾಡಿಕೊಟ್ಟದ್ದು ಟಿವಿಎಸ್ ಮೊಪೆಡ್ಡುಗಳಿಗೆ. ಅದೇ ಕಂಪನಿ 2006ರಲ್ಲಿ ಇಂಗ್ಲೆಂಡಿನ ಗಿಲ್ಸ್ ಕೇಬಲ್ಸನ್ನು ಕೊಂಡಿತು. ಬೌಡನ್ನನ ನಾಡಿನ ಕಸುಬನ್ನು ಮೊಪೆಡ್ಡಿನ ದುಡ್ಡಿನಿಂದ ಬೆಳೆದವರು ಕೊಂಡರು!

ಕಾರಿನ ಕ್ಲಚ್ ತಂತಿ ಸ್ಕೂಟರಿನದಕ್ಕಿಂತ ದಪ್ಪ, ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲವಲ್ಲ ಎನ್ನಬಹುದು. ಮಾತು ನಿಜ. ಆದರೆ ನಾನು ಹೇಳುತ್ತಿರುವುದು ವಿದ್ಯೆಯ ವಿಷಯ. ಮಾದರಿಯನ್ನು ಅಳೆದು ಕವಚ ಕತ್ತರಿಸುವುದು, ಸರಿಯಾದ ದಪ್ಪದ ತಂತಿ ಆರಿಸುವುದು, ನಿಪ್ಪಲ್‌ನಲ್ಲಿ ತೂರಿಸಿದ ತುದಿಯ ಎಳೆಗಳನ್ನು ಬಿಡಿಸಿ ಬೆಸುಗೆ ಹಾಕುವುದು, ಬೆಸುಗೆಯ ಕಾವು ಅತಿಯಾದರೆ ಉಕ್ಕು ಮೆತ್ತಗಾಗುತ್ತದೆಂದು ಅರಿತಿರುವುದು, ಇವೆಲ್ಲ ಎರಡಕ್ಕೂ ಒಂದೇ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಸಿಗದ ಕೇಬಲ್ಲು ಈ ವಿದ್ಯೆಯಿಂದ ತಯಾರಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಕೈಯಲ್ಲಿ ಮಾಡಿದ ಕೇಬಲ್ಲನ್ನು ನಂಬುವುದು ಹೇಗೆ? ಚೋಕ್ ವೈರು ಕೈಕೊಟ್ಟರೆ ಬೆಳಗಿನ ಹೊತ್ತು ಗಾಡಿ ಸ್ಟಾರ್ಟಾಗಲು ಸತಾಯಿಸೀತು, ಅಷ್ಟೆ. ಎಕ್ಸಲೇಟರ್ ತಂತಿಯ ಹರಿದ ಎಳೆ ಕವಚದೊಳಗೆ ಸಿಕ್ಕಿಕೊಂಡರೆ ಪೆಡಲ್ ಬಿಟ್ಟರೂ ಎಂಜಿನ್ ವೇಗ ಇಳಿಯದೆ ಹೋಗಬಹುದು. ಕತ್ರಿಗುಪ್ಪೆಯ ರಿಂಗ್ ರೋಡ್ ಸಿಗ್ನಲ್ಲಿನಲ್ಲಿ ಅದು ಹುಡುಗಾಟದ ಮಾತಲ್ಲ. ಆದ್ದರಿಂದ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಎಕ್ಸಲೇಟರ್ ಮತ್ತು ಹ್ಯಾಂಡ್‌ಬ್ರೇಕಿಗೆ ಹೊಸ ಕೇಬಲ್ ಸಿಗುವುದಾದರೆ ಅದನ್ನೇ ಹಾಕಬೇಕು. ಸ್ಕ್ರೂ ಹಾಕಿ ಬಿಗಿಯುವ ನಿಪ್ಪಲ್ ಮನೆ ಮುಟ್ಟುವಷ್ಟು ದೂರಕ್ಕೆ ಸಾಕು, ಅದೇ ಕಾಯಂ ಆಗಬಾರದು. ಈ ಕಸುಬಿನ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಅದನ್ನು ಎಲ್ಲಿ ಬಳಸಬೇಕೆಂಬುದು ಸ್ಪಷ್ಟವಾಗುತ್ತದೆ.

ಈಗಿನ ಸ್ಕೂಟರುಗಳಿಗೆ ಗೇರಿಲ್ಲ, ಬ್ಯಾಟರಿಯ ಸ್ಕೂಟರಿಗೆ ಎಕ್ಸಲೇಟರ್ ತಂತಿಯೂ ಬೇಡ. ಕಸುಬನ್ನು ಸಾಕಿದ ಗಿರಾಕಿಯೇ ಕರಗುತ್ತಿದ್ದಾನೆ. ಹಳೇ ಕಾರಿಟ್ಟವರು ಇದನ್ನು ಗಮನಿಸಬೇಕು: ತೆಗೆದ ಕೇಬಲ್ಲು ಎಷ್ಟೇ ಹರಿದಿರಲಿ, ಗುಜರಿಗೆ ಹಾಕಬೇಡಿ. ಮುಂದಿನದನ್ನು ಮಾಡುವವನಿಗೆ ಅಳತೆಗೆ ಸಿಗುವುದು ಅದೊಂದೇ.