ಹೊಗೆಸೊಪ್ಪು

ಹೊಗೆ, ಸೊಪ್ಪು ಎರಡೂ ಅಚ್ಚಗನ್ನಡ. ತಮಿಳಿನ ಪುಗೈಯಿಲೈ, ತೆಲುಗಿನ ಪೊಗಾಕು ಇದರ ನೆಂಟರು. ಗಿಡ ಮಾತ್ರ ಅಮೆರಿಕದ್ದು. ಪೋರ್ಚುಗೀಸರೊಂದಿಗೆ ಭಾರತಕ್ಕೆ ಬಂತು. ಅವರ ‘ತಬಾಕೊ’ದಿಂದ ಬಂದ ‘ತಂಬಾಕು’ ಸರ್ಕಾರಿ ಕಾಗದದಲ್ಲಿ ನೆಲೆನಿಂತಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತರ ಬಾಯಲ್ಲಿ ಈಗಲೂ ಹೊಗೆಸೊಪ್ಪೇ. ಅವರು ಬೆಳೆಯುವ ವರ್ಜೀನಿಯಾ ಎಲೆಯನ್ನು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಹದಗೊಳಿಸುವಾಗ ಸೌದೆಯ ಹೊಗೆ ತಾಗಕೂಡದು. ಕೊಳವೆಯ ಬಿಸಿಯಷ್ಟೇ ಬೇಕು. ಹೆಸರಿನಲ್ಲಿರುವ ಹೊಗೆ ಸೇದುವವನದು.

ಆದರೂ ಎಲೆಯಡಿಕೆಯ ಜೊತೆ ಜಗಿಯುವುದಕ್ಕೂ ಇದೇ ಹೆಸರು! ಆರೋಗ್ಯ ಪ್ರಚಾರದ ‘ಹೊಗೆರಹಿತ ತಂಬಾಕು’ ಹಳ್ಳಿಗೆ ಬಂದರೆ ‘ಹೊಗೆಯಿಲ್ಲದ ಹೊಗೆಸೊಪ್ಪು’ ಆಗಬೇಕಾದೀತು. ಬಾಯಿ ಕ್ಯಾನ್ಸರಿನ ಎಚ್ಚರಿಕೆಯಲ್ಲಿ ಜಗಿಯುವ ಸರಕನ್ನು ‘ಕಡ್ಡಿಪುಡಿ’ ಎಂದುಬಿಡುವುದೇ ವಾಸಿ.

ಎಚ್ಚರಿಕೆ ಬಳಸುವವರಿಗಾದರೆ, ಬೆಳೆಯುವವರ ಮಾತೂ ಇದೆ: ಭಾರತ 2004ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೇ ವಿಧಿ ಬೆಳೆಗಾರರಿಗೂ ಬದಲಿ ಜೀವನೋಪಾಯಕ್ಕೆ ಬೆಂಬಲ ಬೇಕೆನ್ನುತ್ತದೆ.