ತೆರೆಯನ್ನು ನೋಡಹೋಗುವವರಿಗೆ

ಬಯಲುಸೀಮೆಗೂ ಕಡಲಿಗೂ ಇರುವ ನಂಟು ಉಪ್ಪಿನ ನಂಟು. ನ್ಯಾಮತಿ ತಾಲ್ಲೂಕಿನ ನಮ್ಮ ಸೂರಗೊಂಡನಕೊಪ್ಪವು ಸಂತ ಸೇವಾಲಾಲರು ಹುಟ್ಟಿದ ಕ್ಷೇತ್ರವೆಂದು ಬಂಜಾರರು ಭಕ್ತಿಯಿಂದ ನಡೆದುಕೊಳ್ಳುವ ಸ್ಥಳ. ಈ ಜನರ ಹಿರಿಯರು ಎತ್ತುಗಳ ಮೇಲೆ ಹೇರು ಹೇರಿ ಉಪ್ಪನ್ನೂ ದವಸವನ್ನೂ ನಾಡಿನಿಂದ ನಾಡಿಗೆ ಸಾಗಿಸಿದವರು. ಲಂಬಾಣಿ ಎಂಬ ಹೆಸರೇ ‘ಲವಣ’ದಿಂದ ಬಂದಿತೆಂದು ಹೇಳುವ ವಿದ್ವಾಂಸರಿದ್ದಾರೆ. ಹೀಗೆ, ಕಡಲನ್ನು ಕಣ್ಣಾರೆ ಕಾಣದವರ ಗಡಿಗೆಯಲ್ಲಿಯೂ ಕಡಲಿನ ಸಾರವಿದ್ದಿತು. ಅಂದಿನ ಪಯಣಿಗನಿಗೆ ಬೇಕಾದುದು ಸರಕು. ಇಂದಿನವನಿಗೆ ಬೇಕಾದುದು ತೆರೆಯ ನೋಟ. ತೆರೆಯ ಮೇಲೆ ಹಲಗೆಯೇರಿ ನಿಲ್ಲುವ ಸರ್ಫಿಂಗ್ ಎಂಬ ಸಾಹಸವನ್ನು ನೋಡಲೆಂದೇ ಸಾವಿರಾರು ಮೈಲಿ ಹೋಗುವವರಿದ್ದಾರೆ. ಕನ್ನಡದಲ್ಲಿ ತೆರೆಯೆಂದರೆ ಅಲೆಯೂ ಹೌದು, ಪರದೆಯೂ ಹೌದು. ಈ ತೆರೆಯ ಹಿಂದೆ ಇರುವ ಜನರ ಚರಿತ್ರೆಯನ್ನು ಅಷ್ಟಿಷ್ಟು ತಿಳಿದು ಹೋಗುವುದು ಒಳ್ಳೆಯದು.

ಈ ವಿದ್ಯೆಯ ತವರು ಶಾಂತಸಾಗರದ ದ್ವೀಪಗಳು. ಹವಾಯಿ ದ್ವೀಪಗಳಲ್ಲಿ ಅರಸರು, ಸಾಮಾನ್ಯರು, ಗಂಡಸರು, ಹೆಂಗಸರು ಎಲ್ಲರೂ ತೆರೆಯೇರುತ್ತಿದ್ದರು. ಅವರ ನುಡಿಯಲ್ಲಿ ಅದಕ್ಕೆ ‘ಹೇಎ ನಲು’, ಎಂದರೆ ತೆರೆಯ ಮೇಲೆ ಜಾರುವುದು, ಎಂದು ಹೆಸರು. ಕ್ಯಾಪ್ಟನ್ ಕುಕ್‌ನ ಜೊತೆಯಲ್ಲಿ ಬಂದಿದ್ದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ 1779ರಲ್ಲಿ ಈ ಆಟವನ್ನು ಕಂಡು ಬೆರಗಾಗಿ ವರ್ಣಿಸಿ ಬರೆದಿಟ್ಟನು. ಮುಂದೆ ಹೊರಗಿನಿಂದ ಬಂದ ರೋಗಗಳಿಂದ ದ್ವೀಪದ ಜನ ಬಹುವಾಗಿ ಸತ್ತರು. 1820ರಲ್ಲಿ ಬಂದ ಮಿಶನರಿಗಳಿಗೆ ಈ ಆಟ ಹಿಡಿಸಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ ಹಲಗೆ ಹಿಡಿಯುವವರೇ ವಿರಳವಾಗಿದ್ದರು. ಅದು ಮತ್ತೆ ಚಿಗುರಿ ಲೋಕಕ್ಕೆ ಹರಡಿದುದು ಡ್ಯೂಕ್ ಕಹಾನಮೋಕು ಅವರಂಥವರಿಂದ. 1912ರ ಒಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದ ಈ ಹವಾಯಿಯ ವೀರರು ಹೋದಹೋದೆಡೆ ತಮ್ಮವರ ವಿದ್ಯೆಯನ್ನೂ ತೋರಿಸಿದರು.

ಹವಾಯಿಯ ವೈಮಿಯಾ ಕೊಲ್ಲಿ ಹೆದ್ದೆರೆಗಳಿಗೆ ಹೆಸರಾದುದು. ಬೇಸಗೆಯಲ್ಲಿ ಹೋದ ಪ್ರವಾಸಿಗೆ ಅಲ್ಲಿ ಕೆರೆಯಂಥ ತಿಳಿನೀರು ಕಂಡೀತು. ಚಳಿಗಾಲದಲ್ಲಿ ಅದೇ ನೀರು ಮನೆಗಳೆತ್ತರಕ್ಕೆ ಏಳುತ್ತದೆ. ಅಲ್ಲಿ 1968ರಿಂದ ಜೀವರಕ್ಷಕರಾಗಿದ್ದ ಎಡ್ಡಿ ಐಕಾವ್ ಎಂಬ ಸ್ಥಳೀಯರು ನೂರಾರು ಜನರನ್ನು ನೀರಿನಿಂದ ಎಳೆದು ತಂದರು. 1978ರಲ್ಲಿ ತಾವಿದ್ದ ದೋಣಿ ನಡುಗಡಲಿನಲ್ಲಿ ಮಗುಚಿದಾಗ, ಸಂಗಡಿಗರಿಗೆ ಸಹಾಯ ತರಲೆಂದು ಹಲಗೆಯ ಮೇಲೆ ಹೊರಟವರು ಹಿಂದಿರುಗಲಿಲ್ಲ. ಸಂಗಡಿಗರು ಬದುಕಿದರು. ಅವರ ಹೆಸರಿನ ಸ್ಪರ್ಧೆ ತೆರೆಯ ಮುಖ ಸುಮಾರು 40 ಅಡಿ ಎದ್ದರೆ ಮಾತ್ರ ನಡೆಯುತ್ತದೆ. ಎಷ್ಟೋ ವರ್ಷ ನಡೆಯುವುದೇ ಇಲ್ಲ. ಕಾಯುವುದೇ ಅಲ್ಲಿಯ ಮೊದಲ ಪಾಠ.

ಈಗ ಲೋಕದ ಕಣ್ಣೆಲ್ಲ ಪೋರ್ಚುಗಲ್ಲಿನ ನಜಾರೆಯ ಮೇಲಿದೆ. ಆ ಊರಿನ ಎದುರಿಗೆ ಕಡಲಿನ ತಳದಲ್ಲಿ ಸುಮಾರು 230 ಕಿಲೋಮೀಟರ್ ಉದ್ದದ ಕಂದರವೊಂದು ದಡದವರೆಗೂ ಚಾಚಿದೆ. ಕಂದರದ ಆಳದ ನೀರಿನಲ್ಲಿ ವೇಗವಾಗಿ ಬರುವ ತೆರೆ, ಪಕ್ಕದ ತೆಳುನೀರಿನಲ್ಲಿ ನಿಧಾನವಾಗಿ ಬರುವ ತೆರೆಯೊಡನೆ ಕೂಡಿಕೊಂಡು ಬೆಟ್ಟವಾಗುತ್ತದೆ. 2011ರಲ್ಲಿ ಗ್ಯಾರೆಟ್ ಮ್ಯಾಕ್‌ನಮಾರಾ ಇಲ್ಲಿ 78 ಅಡಿಯ ತೆರೆಯನ್ನೇರಿದರು. 2020ರ ಅಕ್ಟೋಬರಿನಲ್ಲಿ ಸೆಬಾಸ್ಟಿಯನ್ ಸ್ಟೂಡ್ನರ್ 86 ಅಡಿಯದನ್ನು ಏರಿದರು. ಆದರೆ ಆ ತೆರೆಯನ್ನು ಕಂಡುಹಿಡಿದವರು ಇವರೆನ್ನಲಾದೀತೆ? ನಜಾರೆ ಬೆಸ್ತರ ಊರು. ಮರಳಿನಿಂದಲೇ ದೋಣಿ ನೂಕುತ್ತಿದ್ದ ಕಾಲದಲ್ಲಿ ಗಂಡಂದಿರು ಮುಳುಗುವುದನ್ನು ದಡದಲ್ಲಿ ನಿಂತು ನೋಡಿದ ಹೆಂಗಸರ ಊರು. ಹೊರಗಿನವರಿಗೆ ಸಾಹಸವಾಗಿ ತೋರಿದ ತೆರೆ ಅವರಿಗೆ ತಲೆಮಾರುಗಳ ಭಯವಾಗಿದ್ದಿತು.

ನಮ್ಮ ಕರಾವಳಿಗೆ ಈ ವಿದ್ಯೆಯನ್ನು ತಂದವರೂ ಹೊರಗಿನವರೇ. ಅಮೆರಿಕದಲ್ಲಿ ಹುಟ್ಟಿ, ಸಂನ್ಯಾಸಿಯಾಗಿ, ‘ಸರ್ಫಿಂಗ್ ಸ್ವಾಮಿ’ ಎಂದು ಹೆಸರಾದ ಜ್ಯಾಕ್ ಹೆಬ್ನರ್ ಅವರು 2004ರಲ್ಲಿ ಮುಲ್ಕಿಯಲ್ಲಿ ಆಶ್ರಮ ಕಟ್ಟಿದರು. ಅಲ್ಲಿ ಜಪವೂ ನಡೆಯಿತು, ಹಲಗೆಯ ಪಾಠವೂ ನಡೆಯಿತು. ಹತ್ತಿರದ ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಕೂಡಿ ಕಡಲು ಸೇರುವ ಅಳಿವೆಯಿದೆ. 2024ರಲ್ಲಿ ‘ಇಂಡಿಯನ್ ಓಪನ್’ ಸ್ಪರ್ಧೆ ಈ ತೀರದಲ್ಲಿಯೇ ಜರುಗಿತು. ನಜಾರೆಯ ತೆರೆಯ ಮುಂದೆ ನಮ್ಮವು ಮರಿಗಳೇ ಸರಿ. ಆದರೂ ಇವುಗಳ ಗುಣವನ್ನು ಬಲ್ಲ ಮೊಗವೀರರು ಮಳೆಗಾಲ ಇಳಿದ ಮೇಲೆ, ನೂಲ ಹುಣ್ಣಿಮೆಯಂದು ಸಮುದ್ರಕ್ಕೆ ಹಾಲು ತೆಂಗಿನಕಾಯಿ ಅರ್ಪಿಸಿ ಪೂಜಿಸುತ್ತಾರೆ. ಬದುಕೆಲ್ಲ ನೀರಿನಲ್ಲಿ ಕಳೆಯುವವರಿಗೇ ಇಷ್ಟು ವಿನಯವಿರುವಾಗ, ಒಂದು ದಿನದ ಅತಿಥಿಗಳಾದ ನಮಗೆಷ್ಟಿರಬೇಕು?

ಇದು ಬರಿಯ ನೀತಿಯ ಮಾತಲ್ಲ. 2024ರ ಡಿಸೆಂಬರಿನಲ್ಲಿ ಬಯಲುಸೀಮೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದು ಮಳೆಗಾಲವಲ್ಲ, ಹೆದ್ದೆರೆಯ ತೀರವೂ ಅಲ್ಲ. ಕೆರೆ ಬಾವಿಗಳನ್ನು ಕಂಡ ನಮ್ಮ ಮಕ್ಕಳು ಅಲುಗಾಡದ ನೀರನ್ನು ಕ್ಷೇಮವೆಂದು ನಂಬುತ್ತಾರೆ. ಕಡಲಿನಲ್ಲಿ ಈ ಲೆಕ್ಕ ಎಷ್ಟೋ ವೇಳೆ ತಿರುಗುಮುರುಗು. ದಡಕ್ಕೆ ಬಂದ ನೀರು ಹಿಂದಿರುಗಲು ಒಂದು ದಾರಿ ಬೇಕಷ್ಟೆ. ಒಡೆಯುವ ತೆರೆಗಳ ನಡುವೆ ಶಾಂತವಾಗಿ ಕಾಣುವ ಜಾಗವೇ ಆ ಸೆಳೆತದ ದಾರಿಯಾಗಿರಬಹುದು. ಬಲ್ಲ ಸವಾರನು ಅದನ್ನೇ ಹಿಡಿದು ಆಳಕ್ಕೆ ಹೋಗುತ್ತಾನೆ. ಅರಿಯದವನು ಅದರಲ್ಲಿ ಕೊಚ್ಚಿಹೋಗುತ್ತಾನೆ. ಅದಕ್ಕೆ ಸಿಕ್ಕಿದವನು ನೇರವಾಗಿ ದಡದತ್ತ ಈಜಲು ಹೋಗಿ ಸೋಲಬಾರದು. ದಡದ ಉದ್ದಕ್ಕೆ ಅಡ್ಡಲಾಗಿ ಈಜಿ ಸೆಳೆತದಿಂದ ಹೊರಬಿದ್ದು, ಆಮೇಲೆ ದಡಕ್ಕೆ ತಿರುಗಬೇಕು.

ಆದುದರಿಂದ ಮಕ್ಕಳನ್ನು ಕಡಲಿಗೆ ಕರೆದೊಯ್ಯುವ ತಾಯ್ತಂದೆಗಳೂ ಉಪಾಧ್ಯಾಯರೂ ಬಸ್ಸಿನಿಂದ ಇಳಿದೊಡನೆ ತೀರದ ಬೆಸ್ತರನ್ನೋ ಜೀವರಕ್ಷಕರನ್ನೋ ಕಂಡು, “ಅಣ್ಣಾ, ಇವತ್ತು ನೀರಿಗೆ ಇಳಿಯಬಹುದೇ?” ಎಂದು ಒಂದು ಮಾತು ಕೇಳಲಿ. ಬೇಡವೆಂದರೆ ಮರಳಿನ ಮೇಲೆ ಕುಳಿತು ನೋಡಲಿ. ನಜಾರೆಗೆ ಹೋಗುವ ಸಾವಿರಾರು ಜನರೂ ಕೋಟೆಯ ದಿಬ್ಬದ ಮೇಲೆ ನಿಂತೇ ನೋಡುತ್ತಾರೆ, ನೋಟಕ್ಕೇನೂ ಕೊರತೆಯಾಗಿಲ್ಲ.